ನಿವೃತ್ತಿ ಆದ ಮೇಲೆ ವರ್ಷಕ್ಕೆ ಎಷ್ಟು ಬೇಕು? ಮೈಸೂರಿನಲ್ಲಿ ಸ್ವಂತ ಮನೆ, ಇರುವುದು ಇಬ್ಬರೇ

ಕೂರ್ಗಳ್ಳಿ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಕೂರ್ಗಳ್ಳಿ ಕಡೆ ಒಂದು ಖಾಸಗಿ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮುಂದಿನ ಮೇ ತಿಂಗಳಿಗೆ 58 ತುಂಬುತ್ತದೆ, ಅಲ್ಲಿಗೆ ಸರ್ವೀಸ್ ಮುಗಿಯಿತು. ಹೆಂಡತಿಗೆ 54, ಮನೆ ನೋಡಿಕೊಳ್ಳುತ್ತಾರೆ. ಮಗಳ ಮದುವೆ ಆಗಿದೆ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಸಾಲ ಏನೂ ಇಲ್ಲ.

ಪಿಎಫ್, ಗ್ರಾಚ್ಯುಟಿ, ಈಗಿರುವ ಎಫ್‌ಡಿ ಎಲ್ಲ ಸೇರಿ ಸುಮಾರು 72 ಲಕ್ಷ ಕೈಗೆ ಬರುತ್ತದೆ. ಇಪಿಎಸ್ (ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ) ಪಿಂಚಣಿ ತಿಂಗಳಿಗೆ 4,500ರ ಆಸುಪಾಸು. ಮಹಡಿ ಮೇಲಿನ ಮನೆಯಿಂದ 9,000 ಬಾಡಿಗೆ.

ಮನೆ ಖರ್ಚು ತಿಂಗಳಿಗೆ 28,000. ಅಂದರೆ ವರ್ಷಕ್ಕೆ 3,36,000. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು "ಕೊನೆಯ ಸಂಬಳದ ಶೇ 70 ಬೇಕೇ ಬೇಕು" ಅನ್ನುತ್ತಾರೆ. ಇನ್ನೊಬ್ಬರು "ವರ್ಷದ ಖರ್ಚಿನ 25 ಪಟ್ಟು ಇದ್ದರೆ ಆರಾಮ" ಅನ್ನುತ್ತಾರೆ. ಹಾಗೆ ನೋಡಿದರೆ 84 ಲಕ್ಷ ಬೇಕು. ಬಾಡಿಗೆ, ಪಿಂಚಣಿ ಕಳೆದರೆ ನನ್ನ ಹತ್ತಿರ ಇರುವುದೇ ಜಾಸ್ತಿ ಅನ್ನಿಸುತ್ತದೆ. ಈ ಲೆಕ್ಕ ಸರಿ ಇದೆಯಾ? ತಿಳಿದವರು ಹೇಳಿ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಹುಬ್ಬಳ್ಳಿ

ಸರ್, ಸಂಬಳದ ಶೇಕಡಾ ಲೆಕ್ಕ ಬಿಟ್ಟುಬಿಡಿ. ನಿಮ್ಮ ಸಂಬಳದಲ್ಲಿ ಪಿಎಫ್ ಹೋಗುತ್ತಿತ್ತು, ಮಕ್ಕಳ ಓದು, ಮನೆ ಸಾಲ, ಮದುವೆ ಎಲ್ಲ ಅದರಲ್ಲೇ ನಡೆದಿತ್ತು. ಅದು ನಿಮ್ಮ ಸಂಸಾರದ ಖರ್ಚಲ್ಲ. ಒಂದೇ ಸಂಬಳ ತಗೊಂಡ ಇಬ್ಬರಲ್ಲಿ ಒಬ್ಬರಿಗೆ ಬಾಡಿಗೆ ಮನೆ, ಇನ್ನೊಬ್ಬರಿಗೆ ಸ್ವಂತ ಮನೆ ಇದ್ದರೆ ಇಬ್ಬರಿಗೂ ಶೇ 70 ಹೇಗೆ ಸರಿಹೋಗುತ್ತದೆ ಹೇಳಿ?

ಆದರೆ ತಿಂಗಳ ಖರ್ಚನ್ನು 12ರಿಂದ ಗುಣಿಸಿದ್ದನ್ನು ನಾನು ಒಪ್ಪುವುದಿಲ್ಲ. ಕೌಂಟರಿನಲ್ಲಿ ಕೂತು ಪಿಂಚಣಿದಾರರನ್ನು ನೋಡುತ್ತಲೇ ನನ್ನ ನೌಕರಿ ಕಳೆದಿದೆ. ಜನ ಎಫ್‌ಡಿ ಮುರಿಸಲು ಬರುತ್ತಿದ್ದುದು ಅಕ್ಕಿ ಬೇಳೆಗೆ ಅಲ್ಲ. ಹಲ್ಲಿನ ಸೆಟ್ಟಿಗೆ, ತಾರಸಿ ಸೋರುವುದಕ್ಕೆ, ಇನ್ಶೂರೆನ್ಸ್ ಪ್ರೀಮಿಯಂಗೆ, ತಂಗಿಯ ಮಗಳ ಮದುವೆ ಮುಯ್ಯಿಗೆ. ಇವು ಯಾವುವೂ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ವರ್ಷದ ಲೆಕ್ಕದಲ್ಲಿ ತಪ್ಪದೆ ಬರುತ್ತವೆ.

ಒಂದು ಕೆಲಸ ಮಾಡಿ. ಕಳೆದ 12 ತಿಂಗಳ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೆನಪಿನಿಂದ ಬರೆಯಬೇಡಿ, ಎಂಟ್ರಿ ನೋಡಿ ಬರೆಯಿರಿ. ಬಣ್ಣ, ಪಂಪು, ಬ್ಯಾಟರಿ ಹೀಗೆ ಐದಾರು ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ ಒಂದು ವರ್ಷದ ಪಾಲನ್ನೂ ಸೇರಿಸಿ. ಮೊತ್ತ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಕೂರ್ಗಳ್ಳಿ ನಿವಾಸಿ, ಮೈಸೂರು

ಹೇಳಿದ ಹಾಗೆ ಇಬ್ಬರೂ ಕೂತು ಮಾಡಿದೆವು ಸರ್. ಹಾಲಿನ ಲೆಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿತ್ತು, ಮುಯ್ಯಿ ಲೆಕ್ಕ ಹೆಂಡತಿಯ ಡೈರಿಯಲ್ಲಿತ್ತು. ಯಾರ ಮನೆಯಿಂದ ಎಷ್ಟು ಬಂತು, ನಾವು ಎಷ್ಟು ಹಾಕಿದೆವು ಅಂತ ನಮ್ಮ ಮಗಳ ಮದುವೆಯಿಂದಲೂ ಬರೆದಿಟ್ಟಿದ್ದಾರೆ. ನಮಗೆ ಬಂದದ್ದನ್ನು ತೀರಿಸಬೇಕಾದ ಮನೆಗಳು ಇನ್ನೂ ಸಾಲಾಗಿವೆ.

ತಿಂಗಳ ಖರ್ಚು: ದಿನಸಿ, ಹಾಲು, ತರಕಾರಿ, ಗ್ಯಾಸ್ 14,000. ಕರೆಂಟು, ನೀರು, ಮೊಬೈಲು, ಇಂಟರ್ನೆಟ್ 2,500. ಪೆಟ್ರೋಲು, ಆಟೋ 2,500. ಮನೆಕೆಲಸದವರು, ಪೇಪರ್ 3,000. ನನ್ನ ಬಿಪಿ, ಅವರ ಶುಗರ್ ಮಾತ್ರೆ 3,000. ಚಿಲ್ಲರೆ 3,000. ಇದು 28,000 ಸರಿಯಾಗಿಯೇ ಇದೆ.

ವರ್ಷದ ಖರ್ಚು: ಆರೋಗ್ಯ ವಿಮೆ ಇಬ್ಬರಿಗೂ 52,000. ಮನೆ ಕಂದಾಯ 6,000. ಗಾಡಿಗಳ ವಿಮೆ, ಸರ್ವೀಸ್ 14,000. ಹಬ್ಬ, ಬಟ್ಟೆ 25,000. ಮುಯ್ಯಿ, ಗೃಹಪ್ರವೇಶ, ತಿಥಿ 30,000. ಊರಿನ ಜಾತ್ರೆ, ಮಗನ ಮನೆಗೆ ಹೋಗಿ ಬರುವುದು, ಒಂದು ಪ್ರವಾಸ 35,000. ಕಣ್ಣು, ಹಲ್ಲು, ರಕ್ತ ಪರೀಕ್ಷೆ 20,000. ಮನೆ ರಿಪೇರಿಯ ಪಾಲು 40,000. ಒಟ್ಟು 2,22,000.

ಎರಡೂ ಸೇರಿದರೆ 5,58,000! 3,36,000 ಎಲ್ಲಿ, ಇದೆಲ್ಲಿ. ಇದರಲ್ಲಿ ಒಂದೂ ದುಂದು ಖರ್ಚು ಅಂತ ನಮಗೆ ಅನ್ನಿಸಲಿಲ್ಲ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

ಆ 25 ಪಟ್ಟಿನ ಲೆಕ್ಕ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಇಲ್ಲಿ ಕ್ಯಾಲಿಫೋರ್ನಿಯಾದ ಹಣಕಾಸು ಸಲಹೆಗಾರ ವಿಲಿಯಂ ಬೆಂಗನ್ 1994ರಲ್ಲಿ ಒಂದು ಲೇಖನ ಬರೆದರು. ಅಮೆರಿಕದ ಶೇರು, ಸರ್ಕಾರಿ ಬಾಂಡುಗಳ ಹಳೆಯ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಮೊದಲ ವರ್ಷ ಕೂಡಿಟ್ಟ ಗಂಟಿನ ಸುಮಾರು ಶೇ 4 ತೆಗೆಯಬೇಕು, ಆಮೇಲೆ ಬೆಲೆ ಏರಿದಷ್ಟೇ ಏರಿಸುತ್ತಾ ಹೋಗಬೇಕು. ಹಾಗೆ ಮಾಡಿದರೆ ಗಂಟು 30 ವರ್ಷ ಬಾಳುತ್ತದೆ ಅನ್ನುವುದು ಅವರು ಕಂಡದ್ದು. ಶೇ 4 ಅಂದರೆ 25 ಪಟ್ಟು. ಅಷ್ಟೇ.

ಇದರಲ್ಲಿ ಎರಡು ವಿಷಯ ಗಮನಿಸಿ. ಗಂಟಿನ ಅರ್ಧದಷ್ಟಾದರೂ ಶೇರಿನಲ್ಲಿದ್ದರೆ ಮಾತ್ರ ಈ ಮಾತು. ಎಲ್ಲವನ್ನೂ ಎಫ್‌ಡಿಯಲ್ಲಿಟ್ಟವರಿಗೆ ಇದು ಅನ್ವಯಿಸುವುದಿಲ್ಲ. ಇನ್ನೊಂದು, ಇಲ್ಲಿ ನಿವೃತ್ತರಿಗೆ ಸೋಷಿಯಲ್ ಸೆಕ್ಯುರಿಟಿ ಅಂತ ಸರ್ಕಾರದ ಪಿಂಚಣಿ ಬರುತ್ತದೆ, ಅದು ಬೆಲೆ ಏರಿಕೆಗೆ ತಕ್ಕಂತೆ ವರ್ಷ ವರ್ಷ ಏರುತ್ತದೆ. ನಿಮ್ಮ ಇಪಿಎಸ್‌ಗೆ ತುಟ್ಟಿಭತ್ಯೆ (ಡಿಎ) ಇಲ್ಲ. ಇವತ್ತಿನ 4,500 ನಿಮಗೆ 75 ಆದಾಗಲೂ 4,500 ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿ. ಇನ್ನೊಂದು ದೇಶದ ಸೂತ್ರವನ್ನು ಹಾಗೇ ತಂದು ಮೈಸೂರಿನ ಸಂಸಾರಕ್ಕೆ ಹಚ್ಚಬೇಡಿ ಅಣ್ಣ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಹುಬ್ಬಳ್ಳಿ

ಸರಿಯಾಗಿ ಹೇಳಿದಿರಿ. ಈಗ ಕೂರ್ಗಳ್ಳಿಯವರ ಲೆಕ್ಕ ನೋಡೋಣ.

ಬೇಕಾಗಿರುವುದು 5,58,000. ಪಿಂಚಣಿ 54,000 ಕಳೆಯಿರಿ. ಬಾಡಿಗೆಯನ್ನು 12 ತಿಂಗಳಿಗೆ ಹಿಡಿಯಬೇಡಿ, ಮನೆ ಖಾಲಿ ಬೀಳುತ್ತದೆ, ಸುಣ್ಣ ಬಣ್ಣ ಆಗಬೇಕು. 11 ತಿಂಗಳು ಅಂದರೆ 99,000. ಉಳಿದ 4,05,000 ಗಂಟಿನಿಂದ ಬರಬೇಕು. 72 ಲಕ್ಷದ ಮೇಲೆ ಇದು ಶೇ 5.6.

ಮೊದಲ ವರ್ಷ ಇದು ಸುಲಭವಾಗಿ ಬರುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ಇಟ್ಟರೆ ಈಗಿನ ಶೇ 8.2ರಂತೆ ವರ್ಷಕ್ಕೆ 2,46,000. ಮೂರು ತಿಂಗಳಿಗೊಮ್ಮೆ 61,500 ಖಾತೆಗೆ ಬೀಳುತ್ತದೆ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿಯಾಗಿ 15 ಲಕ್ಷ ಇಟ್ಟರೆ ಶೇ 7.4ರಂತೆ ತಿಂಗಳಿಗೆ 9,250, ವರ್ಷಕ್ಕೆ 1,11,000. ಇವೆರಡರಿಂದಲೇ 3,57,000 ಆಯಿತು. ಇನ್ನೂ 27 ಲಕ್ಷ ಕೈಯಲ್ಲಿದೆ. ನೋಡಿದರೆ ಎಲ್ಲ ಸುಖವಾಗಿದೆ.

ಆದರೆ ಬಡ್ಡಿ ಇದ್ದಲ್ಲೇ ಇರುತ್ತದೆ, ಬೆಲೆ ಇರುವುದಿಲ್ಲ. ನಂದಿನಿ ನೀಲಿ ಪ್ಯಾಕೆಟ್ ಹಾಲನ್ನೇ ತಗೊಳ್ಳಿ. 2023ರ ಜುಲೈನಲ್ಲಿ ಲೀಟರಿಗೆ 39 ಇತ್ತು, 2025ರ ಏಪ್ರಿಲ್‌ಗೆ 46 ಆಯಿತು. ಎರಡು ವರ್ಷವೂ ತುಂಬಿರಲಿಲ್ಲ, ಶೇ 18 ಏರಿತ್ತು. ಸರಾಸರಿ ಶೇ 6 ಏರಿಕೆ ಅಂತ ಹಿಡಿದರೂ 12 ವರ್ಷಕ್ಕೆ ಖರ್ಚು ಎರಡು ಪಟ್ಟು. ನಿಮಗೆ 70 ಆದಾಗ ಇದೇ ಸಂಸಾರಕ್ಕೆ ಸುಮಾರು 11 ಲಕ್ಷ ಬೇಕು.

ಗಂಟು ಶೇ 7.5 ದುಡಿಯುತ್ತದೆ, ಖರ್ಚು ಶೇ 6 ಏರುತ್ತದೆ ಅಂತಿಟ್ಟುಕೊಳ್ಳಿ. ಬಾಡಿಗೆಯೂ ಖರ್ಚಿನ ಜೊತೆಗೇ ಏರಲಿ. ಆಗಲೂ 72 ಲಕ್ಷ ಹೆಚ್ಚು ಕಡಿಮೆ 20 ವರ್ಷ ಬರುತ್ತದೆ. ನಿಮಗಾಗ 78. ನಿಮ್ಮ ಮನೆಯವರಿಗೆ 74. ಅದಕ್ಕೇ ಹೇಳುವುದು, ಲೆಕ್ಕವನ್ನು ನಿಮ್ಮ ವಯಸ್ಸಿಗೆ ಹಾಕಬೇಡಿ. ಮನೆಯಲ್ಲಿ ಚಿಕ್ಕವರು ಯಾರೋ ಅವರ ವಯಸ್ಸಿಗೆ ಹಾಕಿ. ಅವರಿಗೆ 90 ಆಗುವವರೆಗೆ ಅಂದರೆ ಇಲ್ಲಿಂದ 36 ವರ್ಷ.

ಬಡ್ಡಿಯೂ ಯಾವಾಗಲೂ ಹೀಗೇ ಇರುತ್ತದೆ ಅಂತ ನಂಬಬೇಡಿ. ಇದೇ ಹಿರಿಯ ನಾಗರಿಕರ ಯೋಜನೆ 2020ರ ಮಾರ್ಚ್‌ವರೆಗೆ ಶೇ 8.6 ಇತ್ತು, ಏಪ್ರಿಲ್‌ನಲ್ಲಿ 7.4ಕ್ಕೆ ಇಳಿಯಿತು. ಒಮ್ಮೆ ಇಟ್ಟ ಮೇಲೆ ಐದು ವರ್ಷ ದರ ಬದಲಾಗುವುದಿಲ್ಲ ಸರಿ. ಅವಧಿ ಮುಗಿದ ದಿನ ಯಾವ ದರ ಇರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ದಾವಣಗೆರೆ ಹುಡುಗ

ಅಂಕಲ್, ನಮ್ಮೂರಿನಲ್ಲಿ ಪತ್ತಿನ ಸಹಕಾರ ಸಂಘಗಳು ಹಿರಿಯರಿಗೆ ಶೇ 10.5 ಕೊಡುತ್ತಿವೆ. 72 ಲಕ್ಷ ಅಲ್ಲಿಟ್ಟರೆ ವರ್ಷಕ್ಕೆ ಏಳೂವರೆ ಲಕ್ಷ ಬರುತ್ತದೆ. ಖರ್ಚು ಕಳೆದು ಉಳಿದದ್ದನ್ನು ಮತ್ತೆ ಅಲ್ಲೇ ಇಟ್ಟರೆ ಸಮಸ್ಯೆನೇ ಇಲ್ಲ ಅಲ್ವಾ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಬೇಡಪ್ಪ, ದಯವಿಟ್ಟು ಇಂಥ ಸಲಹೆ ಕೊಡಬೇಡ. ನನ್ನ ಜೊತೆಯ ಶಿಕ್ಷಕರೊಬ್ಬರು ನಿವೃತ್ತಿಯ ಹಣ ಪೂರ್ತಿ ಒಂದು ಸೊಸೈಟಿಯಲ್ಲಿಟ್ಟರು. ಮೂರು ವರ್ಷ ಬಡ್ಡಿ ಒಂದನೇ ತಾರೀಕು ತಪ್ಪದೆ ಬಂತು. ಆಮೇಲೆ ಬಾಗಿಲು ಹಾಕಿತು. ಈಗಲೂ ಠೇವಣಿ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಸಭೆ ಸಭೆಗೆ ಹೋಗುತ್ತಾರೆ.

ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಅಸಲು ಬಡ್ಡಿ ಎರಡೂ ಸೇರಿ. 2020ರ ಫೆಬ್ರವರಿಯಿಂದ ಈ ಮಿತಿ. ಸಹಕಾರಿ ಬ್ಯಾಂಕಿಗೂ ಇದು ಸಿಗುತ್ತದೆ. ಪತ್ತಿನ ಸಹಕಾರ ಸಂಘಕ್ಕೆ ಈ ವಿಮೆ ಇಲ್ಲವೇ ಇಲ್ಲ. ಬೋರ್ಡಿನ ಮೇಲೆ ಬ್ಯಾಂಕು ಅಂತಿದೆಯೋ ಸಂಘ ಅಂತಿದೆಯೋ ಓದಿ ನೋಡಬೇಕು. ಗಳಿಸುವ ವಯಸ್ಸಿನಲ್ಲಿ ಹೋದ ಹಣವನ್ನು ಮತ್ತೆ ಸಂಪಾದಿಸಬಹುದು, 65ಕ್ಕೆ ಆಗುವುದಿಲ್ಲ.

ಕೂರ್ಗಳ್ಳಿಯವರಿಗೆ ಇನ್ನೊಂದು ಮಾತು. ಎಲ್ಲ ಖರ್ಚನ್ನೂ ಶೇ 6ರಲ್ಲಿ ಏರಿಸಬೇಡಿ, ಬೇರೆ ಬೇರೆ ಮಾಡಿ. ದಿನಸಿ ಒಂದು ದರದಲ್ಲಿ ಏರುತ್ತದೆ. ಪ್ರವಾಸ 75ರ ನಂತರ ತಾನಾಗಿ ಕಡಿಮೆ ಆಗುತ್ತದೆ. ಆರೋಗ್ಯ ವಿಮೆ ಮಾತ್ರ ಓಡುತ್ತದೆ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿಗಳು ಮೊದಲು ತಮ್ಮನ್ನು ಕೇಳಬೇಕು ಅಂತ ವಿಮಾ ನಿಯಂತ್ರಕರು 2025ರ ಜನವರಿಯಲ್ಲಿ ಹೇಳಿದ್ದಾರೆ. ಆ ಶೇ 10ರಂತೆಯೇ ಏರಿದರೂ ನಿಮ್ಮ 52,000 ಹನ್ನೆರಡು ವರ್ಷದಲ್ಲಿ 1,63,000 ಆಗುತ್ತದೆ. 2025ರ ಸೆಪ್ಟೆಂಬರ್‌ನಿಂದ ವೈಯಕ್ತಿಕ ಪಾಲಿಸಿಗಳ ಮೇಲೆ ಜಿಎಸ್‌ಟಿ ತೆಗೆದದ್ದು ಒಂದು ಸಮಾಧಾನ. ಏನೇ ಆದರೂ ಪಾಲಿಸಿ ಬಿಡಬೇಡಿ. ಒಮ್ಮೆ ಬಿಟ್ಟರೆ ಬಿಪಿ, ಶುಗರ್ ಇಟ್ಟುಕೊಂಡು ಹೊಸದು ಮಾಡಿಸುವುದು ಬಹಳ ಕಷ್ಟ.

ತೀರ್ಥಹಳ್ಳಿ ಅಕ್ಕ

ಇಲ್ಲಿಯವರೆಗೆ ಎಲ್ಲರೂ ಇಬ್ಬರು ಇರುವ ಲೆಕ್ಕವನ್ನೇ ಹಾಕಿದ್ದೀರಿ. ನಾನು ಒಬ್ಬಳೇ ಇರುವವಳು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಸರ್ಕಾರಿ ನೌಕರಿಯಲ್ಲಿದ್ದರು. ಹಳೆಯ ಪಿಂಚಣಿ. ಕೊನೆಯ ಮೂಲ ವೇತನದ ಅರ್ಧ ಪಿಂಚಣಿ ಬರುತ್ತಿತ್ತು. ಅವರು ಹೋದ ಮೇಲೆ ಈಗ ನನಗೆ ಬರುವುದು ಮೂಲ ವೇತನದ ಶೇ 30. ಅಂದರೆ ಮೊದಲು 100 ರೂಪಾಯಿ ಬರುತ್ತಿದ್ದ ಜಾಗದಲ್ಲಿ 60. ಖರ್ಚು ಹಾಗೆ ಇಳಿಯುವುದಿಲ್ಲ. ಮನೆ ಕಂದಾಯ ಅಷ್ಟೇ. ಕರೆಂಟು ಹೆಚ್ಚು ಕಡಿಮೆ ಅಷ್ಟೇ. ಕೆಲಸದವಳ ಸಂಬಳ ಅಷ್ಟೇ. ಅವರೇ ಮಾಡುತ್ತಿದ್ದ ಕೆಲಸಕ್ಕೆ ಈಗ ಜನ ಬೇಕು. ಬ್ಯಾಂಕಿಗೆ, ಆಸ್ಪತ್ರೆಗೆ ಹೋಗಲು ಆಟೋ. ಮರದ ಕೊಂಬೆ ಕಡಿಸಲು ಕೂಲಿ. ರಾತ್ರಿ ಜೊತೆಗೆ ಮಲಗಲು ಒಬ್ಬ ಹುಡುಗಿಗೆ ಸಂಬಳ. ನನ್ನ ಅನುಭವದಲ್ಲಿ ಮೂರರಲ್ಲಿ ಒಂದು ಭಾಗ ಖರ್ಚು ಕಡಿಮೆ ಆಯಿತು, ಅಷ್ಟೇ.

ನಿಮ್ಮದು ಇಪಿಎಸ್ ಅಣ್ಣ. ನಿಮ್ಮ ನಂತರ ಅವರಿಗೆ ಬರುವುದು ನಿಮ್ಮ ಪಿಂಚಣಿಯ ಅರ್ಧ, ತಿಂಗಳಿಗೆ ಎರಡು ಸಾವಿರದ ಚಿಲ್ಲರೆ. ಹಾಗಾಗಿ ವರ್ಷಕ್ಕೆ ಎಷ್ಟು ಬೇಕು ಅನ್ನುವುದನ್ನು ಎರಡು ಸಲ ಬರೆಯಿರಿ. ಇಬ್ಬರಿದ್ದಾಗ ಎಷ್ಟು, ಅವರೊಬ್ಬರೇ ಇದ್ದಾಗ ಎಷ್ಟು. ಎರಡನೆಯದನ್ನು ಅವರ ಕೈಯಲ್ಲೇ ಬರೆಸಿ. ಎಲ್ಲ ಖಾತೆಯಲ್ಲೂ ಅವರ ಹೆಸರು ಜಂಟಿಯಾಗಿ ಇರಲಿ, ನಾಮಿನಿ ಹೆಸರಿನ ಕಾಗುಣಿತ ಆಧಾರಿನಲ್ಲಿದ್ದ ಹಾಗೇ ಇರಲಿ. ಅವರಿಗೆ ಎಟಿಎಂ, ಯುಪಿಐ ಬಳಸಲು ಈಗಲೇ ಕಲಿಸಿ. ಇದನ್ನೆಲ್ಲ ಮಾತಾಡಿದರೆ ಅಪಶಕುನ ಅಂತ ನಮ್ಮ ಮನೆಯಲ್ಲಿ ಸುಮ್ಮನಿರುತ್ತಿದ್ದರು. ಮಾತಾಡಿ.

ಶಿರಸಿ ಮಗಳು, ಬೆಂಗಳೂರು

ಅಕ್ಕ ಬರೆದದ್ದು ಪೂರ್ತಿ ನಿಜ. ನನ್ನ ಅಪ್ಪ ಅಮ್ಮ ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಇಲ್ಲಿ ಅನೇಕರು "ನಿವೃತ್ತಿ ಆದ ಮೇಲೆ ಊರಿಗೆ ಹೋದರೆ ಅರ್ಧ ಖರ್ಚು" ಅನ್ನುತ್ತಾರೆ. ತರಕಾರಿ, ಹಾಲು, ಬಾಡಿಗೆ ಮಟ್ಟಿಗೆ ಸರಿ. ಆದರೆ ದೊಡ್ಡ ಕಾಯಿಲೆಗೆ ನಾವು ಹುಬ್ಬಳ್ಳಿಗೆ ಹೋಗಬೇಕು, ಇಲ್ಲ ಮಣಿಪಾಲ, ಮಂಗಳೂರು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಒಂದು ಚೆಕಪ್ ಅಂದರೆ ಕಾರು ಬಾಡಿಗೆ, ಡ್ರೈವರ್ ಊಟ, ಒಮ್ಮೊಮ್ಮೆ ರಾತ್ರಿ ಲಾಡ್ಜ್. ಹಳ್ಳಿಯ ಲೆಕ್ಕದಲ್ಲಿ ಈ ಸಾಲನ್ನು ಬರೆಯದವರೇ ಜಾಸ್ತಿ.

ಇನ್ನೊಂದು ವಿಷಯ. ಸರ್ಕಾರದ ಯೋಜನೆಗಳಿಂದ ಈಗ ಉಳಿತಾಯ ಆಗುತ್ತಿದೆ. 2023ರ ಜೂನ್‌ನಿಂದ ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಆಮೇಲೆ ಬಂದ ಗೃಹಜ್ಯೋತಿಯಿಂದ ಕರೆಂಟು ಬಿಲ್ಲು ಇಲ್ಲ. ಇದ್ದಷ್ಟು ದಿನ ಧಾರಾಳವಾಗಿ ಬಳಸಿಕೊಳ್ಳಿ. ಆದರೆ 30 ವರ್ಷದ ಲೆಕ್ಕದಲ್ಲಿ ಇದನ್ನು ಹಿಡಿಯಬೇಡಿ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬರಲೇ ಇಲ್ಲ.

ಮಗ ಕಳಿಸುವ ಹಣವನ್ನೂ ಆದಾಯದ ಕಡೆ ಬರೆಯಬೇಡಿ ಅಂಕಲ್. ಮಕ್ಕಳಾಗಿ ನಾವು ಕೊಡಬೇಕು, ಕೊಡುತ್ತೇವೆ. ಆದರೆ ನಮ್ಮ ಕೆಲಸಕ್ಕೂ ಈಗ ಗ್ಯಾರಂಟಿ ಇಲ್ಲ.

ತೆರಿಗೆ ಸಲಹೆಗಾರ, ತುಮಕೂರು

ತೆರಿಗೆ ಬಗ್ಗೆ ಚಿಕ್ಕದಾಗಿ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಬರುವುದಿಲ್ಲ. ಬಡ್ಡಿ, ಬಾಡಿಗೆ, ಪಿಂಚಣಿ ಎಲ್ಲ ಸೇರಿದರೂ ನೀವು ಅದರೊಳಗೇ ಇರುತ್ತೀರಿ. ಆದರೆ ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಬೇರೆ ವಿಷಯ. 60 ದಾಟಿದವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಬಡ್ಡಿಗೆ ಟಿಡಿಎಸ್ ಇಲ್ಲ, ಅದಕ್ಕಿಂತ ಜಾಸ್ತಿ ಇದ್ದರೆ ನನಗೆ ತೆರಿಗೆ ಬರುವುದಿಲ್ಲ ಅಂತ ಘೋಷಣೆ ಕೊಡಬಹುದು (2025-26ರಲ್ಲಿ ಅದು 15-ಹೆಚ್ ನಮೂನೆ). ನಿಮಗೆ 58. ಆ ಘೋಷಣೆ ನಡೆಯುವುದಿಲ್ಲ. 60 ಆಗದವರ ಘೋಷಣೆ (2025-26ರಲ್ಲಿ 15-ಜಿ) ಕೊಡಲು ಬಡ್ಡಿಯ ಮೊತ್ತವೇ ಮೂಲ ವಿನಾಯಿತಿಯ 4 ಲಕ್ಷ ದಾಟಬಾರದು, ನಿಮ್ಮದು ದಾಟುವ ಹಾಗಿದೆ. ಮೊದಲ ಎರಡು ವರ್ಷ ಟಿಡಿಎಸ್ ಕಡಿತ ಆಗಬಹುದು. ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ಆ ಹಣ ಬರುವವರೆಗಿನ ಕೈ ಖರ್ಚಿಗೆ ಬೇರೆ ಇಟ್ಟುಕೊಳ್ಳಿ.

ಕೂರ್ಗಳ್ಳಿ ನಿವಾಸಿ, ಮೈಸೂರು

ಎಲ್ಲರಿಗೂ ಕೈಮುಗಿದೆ. ತೀರ್ಥಹಳ್ಳಿ ಅಕ್ಕ ಹೇಳಿದ ಹಾಗೆ ಎರಡನೇ ಪಟ್ಟಿಯನ್ನು ಹೆಂಡತಿಯೇ ಬರೆದರು. ಇವತ್ತಿನ ಬೆಲೆಯಲ್ಲಿ 3,90,000 ಬಂತು. ಅದರಲ್ಲಿ ಮುಯ್ಯಿಯನ್ನು ಒಂದು ಪೈಸೆಯೂ ಕಡಿಮೆ ಮಾಡಲಿಲ್ಲ. ಒಬ್ಬಳೇ ಆದ ಮೇಲೆ ನಾಲ್ಕು ಜನರ ಮನೆಗೆ ಹೋಗಿ ಬರುವುದು ಇನ್ನೂ ಜಾಸ್ತಿ ಬೇಕು ಅಂದರು. ಒಪ್ಪಿದೆ.

ಇಬ್ಬರೂ ಕೂತು ಹೀಗೆ ಯೋಚಿಸಿದ್ದೇವೆ. ಹಳೆಯ ಕಾರು ಮಾರುತ್ತೇವೆ, ಸ್ಕೂಟರ್ ಸಾಕು. ಪ್ರವಾಸ, ಬಟ್ಟೆಯಲ್ಲಿ ಸ್ವಲ್ಪ ಹಿಡಿತ. ಎಲ್ಲ ಸೇರಿ ವರ್ಷಕ್ಕೆ 60,000 ಕಡಿಮೆ. ಪಕ್ಕದ ಚಿಕ್ಕ ಘಟಕದವರು ತಿಂಗಳಿಗೆ 25,000ಕ್ಕೆ ಅರ್ಧ ದಿನದ ಕೆಲಸಕ್ಕೆ ಕರೆದಿದ್ದಾರೆ. 62ರವರೆಗೆ ಹೋಗುತ್ತೇನೆ. ಆರೋಗ್ಯ ವಿಮೆ ಮುಟ್ಟುವುದಿಲ್ಲ. ಬ್ಯಾಂಕ್ ಸರ್, ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಹುಬ್ಬಳ್ಳಿ

ಬಹಳ ವ್ಯತ್ಯಾಸ ಆಗುತ್ತದೆ ಸರ್. ಬರೀ ಕೆಲಸ ಮಾಡಿ ಖರ್ಚು ಹಾಗೇ ಬಿಟ್ಟಿದ್ದರೆ ಗಂಟು 78ರ ಬದಲು 82ರವರೆಗೆ ಬರುತ್ತಿತ್ತು. ಎರಡನ್ನೂ ಮಾಡಿದರೆ ಅದೇ ಶೇ 7.5, ಶೇ 6ರ ಲೆಕ್ಕದಲ್ಲಿ ಸುಮಾರು 87ರವರೆಗೆ. ಆಗ ನಿಮ್ಮವರಿಗೆ 83. ಅವರ 90ರವರೆಗೆ ಇನ್ನೂ ಏಳು ವರ್ಷ ಉಳಿಯಿತು. ಅದಕ್ಕೆ 27 ಲಕ್ಷದಲ್ಲಿ ಒಂದು ಭಾಗವನ್ನು ಹತ್ತು ವರ್ಷ ಮುಟ್ಟದ ಹಾಗೆ ಇಂಡೆಕ್ಸ್ ಫಂಡಿನಲ್ಲಿ (ಶೇರು ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುವಲ್ ಫಂಡ್) ಇಡಿ ಅನ್ನುವುದು ನನ್ನ ಅಭಿಪ್ರಾಯ. ಅದು ಏರುತ್ತದೆ, ಇಳಿಯುತ್ತದೆ. ಇಳಿದಾಗ ನಿದ್ದೆ ಕೆಡುವುದಾದರೆ ಕಡಿಮೆ ಇಡಿ. ಕೊನೆಗೆ ಮನೆ ಅಂತೂ ಇದ್ದೇ ಇದೆ, ಅದನ್ನು ಮಾತ್ರ ಅವರ ಜೀವಮಾನದಲ್ಲಿ ಯಾರ ಹೆಸರಿಗೂ ಬರೆಯಬೇಡಿ.

ಪ್ರತಿ ಏಪ್ರಿಲ್‌ನಲ್ಲಿ ಆ ಎರಡೂ ಪಟ್ಟಿಗಳನ್ನು ಹೊಸದಾಗಿ ಬರೆಯಿರಿ. ನನ್ನ ಶೇ 6 ನಿಮ್ಮ ಮನೆಯಲ್ಲಿ 5 ಇರಬಹುದು, 8 ಇರಬಹುದು.

ಕೂರ್ಗಳ್ಳಿ ನಿವಾಸಿ, ಮೈಸೂರು

ಖಂಡಿತ ಸರ್. ಕೊನೆಯದಾಗಿ ಒಂದು. 60 ಆಗಿಲ್ಲದಿದ್ದರೂ ಹಿರಿಯ ನಾಗರಿಕರ ಯೋಜನೆಯಲ್ಲಿ ಇಡಬಹುದಾ? ಅಂಚೆ ಕಚೇರಿಯಲ್ಲಿ ಒಬ್ಬರು ಆಗುವುದಿಲ್ಲ ಅಂದರು.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಹುಬ್ಬಳ್ಳಿ

ಇಡಬಹುದು. 55 ದಾಟಿ, 60 ತುಂಬುವ ಮೊದಲೇ ನಿವೃತ್ತಿ ಆದವರಿಗೆ ಅವಕಾಶ ಇದೆ. ಆದರೆ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು. ಬಂದ ನಿವೃತ್ತಿ ಹಣಕ್ಕಿಂತ ಜಾಸ್ತಿ ಇಡುವಂತಿಲ್ಲ. ಮೊದಲು ಒಂದೇ ತಿಂಗಳ ಗಡುವಿತ್ತು, 2023ರ ನವೆಂಬರ್‌ನಲ್ಲಿ ಮೂರು ತಿಂಗಳು ಮಾಡಿದರು. ಫ್ಯಾಕ್ಟರಿಯಿಂದ ನಿವೃತ್ತಿ ದಿನಾಂಕ, ಕೊಟ್ಟ ಹಣದ ವಿವರ ಇರುವ ಪತ್ರ ತಗೊಳ್ಳಿ. ಮನೆಯವರನ್ನು ಜಂಟಿ ಖಾತೆದಾರರನ್ನಾಗಿ ಮಾಡಿ, ಆಗ ಅವರೂ ಈ ಯೋಜನೆಗೆ ಅರ್ಹರಾಗಿದ್ದರೆ ನಿಮ್ಮ ನಂತರವೂ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು. ಅಂಚೆ ಕಚೇರಿಯಲ್ಲಿ ಆಗುವುದಿಲ್ಲ ಅಂದರೆ ಬ್ಯಾಂಕಿಗೆ ಹೋಗಿ, ಅಲ್ಲೂ ಇದೇ ಯೋಜನೆ ಸಿಗುತ್ತದೆ.